ವಯಸ್ಸು ಕದ್ದ ಮಾಸ್ತರು

ದೇವದುರ್ಗಕ್ಕೆ ಹೋಗಿ ಅವರ ಹೆಸರು ಹೇಳಿ ನೋಡಿ, ಯಾರಿಗೂ ತಟ್ಟನೆ ನೆನಪಾಗುವುದಿಲ್ಲ. ‘ವಯಸ್ಸು ಕದ್ದ ಮಾಸ್ತರು’ ಅನ್ನಿ, ಚಹಾದಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಾರೆ. ‘ಓ, ಅವ್ರಾ? ಫಾರಿನ್ನಿಗೆ ಹೊಂಟಿದ್ರಲ್ಲ?’ ಎಂದು ನಗುತ್ತಾರೆ. ಆ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಎದ್ದು ಜಗಳ ತೆಗೆಯುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಅವರು ತೀರಿಕೊಂಡು ಒಂದು ತಿಂಗಳಾಯಿತು. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಆ ಹೆಸರನ್ನು ಊರು ಸಾಕಷ್ಟು ಎಳೆದಾಡಿದೆ.

ನಾನು ರಾಯಚೂರಿನ ಪಕ್ಕದ ಕಲ್ಮಲದವನು. ಎಪ್ಪತ್ತರ ದಶಕದ ಕೊನೆಯಲ್ಲಿ ಗಣಿತದ ಮಾಸ್ತರಿಕೆ ಸಿಕ್ಕು ದೇವದುರ್ಗದ ಶಾಲೆಯೊಂದಕ್ಕೆ ಬಂದೆ. ಅಲ್ಲಿ ಅವರು ಹೆಡ್‌ಮಾಸ್ತರು. ಎತ್ತರದ ಆಳು, ಬಿಳಿ ಪ್ಯಾಂಟು, ಬಿಳಿ ಅಂಗಿ, ಗುಂಡಿಯೆಲ್ಲ ಕುತ್ತಿಗೆಯ ತನಕ ಹಾಕಿರಬೇಕು. ಮಾನ್ವಿ ಕಡೆಯ ಹಳ್ಳಿಯೊಂದರ ಕೂಲಿಯವರ ಮನೆಯಲ್ಲಿ ಹುಟ್ಟಿದವರು, ಆ ಕೇರಿಯಿಂದ ಶಾಲೆಯ ಒಳಗೆ ಕಾಲಿಟ್ಟ ಮೊದಲನೆಯವರು. ರಿಜಿಸ್ಟರಿನಲ್ಲಿ ಏನು ಬರೆಯುವುದಿದ್ದರೂ ಮೊದಲು ಬಾಯಲ್ಲಿ ಹೇಳುತ್ತಿದ್ದರು, ಆಮೇಲೆ ಬರೆಯುತ್ತಿದ್ದರು, ಬರೆದ ಮೇಲೆ ಮತ್ತೆ ಓದುತ್ತಿದ್ದರು. ಬಂದ ಹೊಸತರಲ್ಲಿ ನಾನು ಇದನ್ನು ನೋಡಿ ನಕ್ಕಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

‘ನಗು ತಮ್ಮಾ, ನಗು. ಮಂದಿ ತಪ್ಪು ಮಾಡಿದ್ರ ಮಂದಿ ಮರೀತದ. ನಮ್ಮಂಥವ್ರು ಮಾಡಿದ್ರ ಬರದಿಟ್ಕೊಂತಾರ.’

ಜೂನ್ ತಿಂಗಳಲ್ಲಿ ಮಕ್ಕಳನ್ನು ಒಂದನೇ ಇಯತ್ತೆಗೆ ಸೇರಿಸಿಕೊಳ್ಳುವುದನ್ನು ನೋಡಬೇಕಿತ್ತು. ನಮ್ಮ ಕಡೆ ಆಗ ಹುಟ್ಟಿದ ತಾರೀಖು ಯಾರ ಮನೆಯಲ್ಲಿ ಬರೆದಿಟ್ಟಿರುತ್ತಿದ್ದರು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿದರೆ ಆರು ವರ್ಷ ತುಂಬಿತು ಎಂದು ಲೆಕ್ಕ. ಕಿವಿ ಮುಟ್ಟಿದ ಮಗುವಿಗೆ ಜೂನ್ ಒಂದು ಎಂದು ಬರೆದರೆ ಉಳಿದ ಶಾಲೆಗಳಲ್ಲಿ ಕೆಲಸ ಮುಗಿಯಿತು. ಅರ್ಧ ಜಿಲ್ಲೆ ಜೂನ್ ಒಂದರಂದೇ ಹುಟ್ಟಿದೆ! ಇವರು ಹಾಗಲ್ಲ. ಮಗುವಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಶುರು ಮಾಡುತ್ತಿದ್ದರು.

‘ಯವ್ವಾ, ಈತ ಹುಟ್ಟಿದಾಗ ಜ್ವಾಳ ಬಿತ್ತಿದ್ರೇನು, ಕೊಯ್ದಿದ್ರೇನು?’

‘ಯಾರಿಗ್ ನೆನಪದರೀ ಸರ? ತೆನಿ ಹಾಲು ತುಂಬಿತ್ತು.’

‘ಯಾವ ವರ್ಷದ ತೆನಿ? ನಿಮ್ಮ ಊರಾಗ ಭಾವಿ ತೋಡಿದ್ದು ಅದಕ್ಕ ಮೊದಲೋ, ಆಮ್ಯಾಲೋ?’

ಹೀಗೆ ಒಂದೊಂದು ಮಗುವಿಗೆ ಅರ್ಧ ತಾಸು. ಮಸರಕಲ್ಲಿನಿಂದ ಬಂದ ಹೆಂಗಸರು ಬಸ್ಸು ತಪ್ಪುತ್ತದೆ ಎಂದು ಗೊಣಗುತ್ತಿದ್ದರು. ಒಂದು ಸಲ ಅಕ್ಕಿ ಮಿಲ್ಲಿನ ಸಾವುಕಾರರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಎರಡು ವರ್ಷ ಕಡಿಮೆ ಬರೆಯಿರಿ, ಮುಂದೆ ನೌಕರಿಗೆ ಅನುಕೂಲ ಎಂದರು. ಇದು ಎಲ್ಲರೂ ಕೇಳುವುದೇ, ಬಹಳ ಕಡೆ ಆಗುವುದೇ. ಇವರು ಪೆನ್ನು ಕೆಳಗಿಟ್ಟರು.

‘ವಯಸ್ಸಿನ್ಯಾಗ ಚೌಕಾಸಿ ಇಲ್ರೀ ಸಾವ್ಕಾರ್ರ.’

‘ಎರಡು ವರ್ಷ ಕಡಿಮಿ ಬರದ್ರ ನಿಮ್ಮ ಗಂಟೇನು ಹೋಗ್ತದ ಮಾಸ್ತರ?’

‘ನನ್ನ ಗಂಟು ಹೋಗಂಗಿಲ್ರಿ. ಈತನಕಿಂತ ಹಿಂದ ನಿಂತ ಯಾವದೋ ಹುಡುಗಂದು ಹೋಗ್ತದ.’

ಸಾವುಕಾರರು ಎದ್ದರು. ಬಾಗಿಲಲ್ಲಿ ನಿಂತು, ‘ಆಗ್ಲಿ. ನೆನಪಿಟ್ಟಿರ್ತೀನಿ’ ಎಂದರು. ಜೋರು ಮಾಡಲಿಲ್ಲ, ಮೆತ್ತಗೇ ಅಂದರು. ಬೈದು ಹೋಗಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಮರು ವರ್ಷ ರಾಯಚೂರಿನ ಶಿಕ್ಷಣ ಕಚೇರಿಯಿಂದ ಪತ್ರ ಬಂತು. ಜಿಲ್ಲೆಯಿಂದ ಒಬ್ಬ ಶಿಕ್ಷಕರನ್ನು ಆರಿಸಿ, ಇಂಗ್ಲೆಂಡಿನ ಶಾಲೆಗಳನ್ನು ನೋಡಿ ಕಲಿತು ಬರಲು ಆರು ವಾರ ಕಳಿಸುತ್ತಾರಂತೆ. ಹೋಗಿ ಬಂದ ಮೇಲೆ ಕಡಿಮೆ ಎಂದರೂ ಎರಡು ವರ್ಷ ಸರ್ವಿಸು ಉಳಿದಿರಬೇಕು, ಕಲಿತದ್ದನ್ನು ಇಲ್ಲಿ ಕಲಿಸಬೇಕಲ್ಲ. ಇವರ ಸರ್ವಿಸ್ ಪುಸ್ತಕದ ಪ್ರಕಾರ ಎರಡು ವರ್ಷಕ್ಕೆ ಮೇಲೆ ಕೆಲವೇ ತಿಂಗಳು ಬಾಕಿ ಇತ್ತು. ಅರ್ಜಿ ಹಾಕಲು ಅವರಿಗೆ ಮನಸ್ಸೇ ಇರಲಿಲ್ಲ. ಬೆನ್ನು ಹತ್ತಿದವನು ನಾನು. ‘ನೀವ್ ಹೋಗದ ಮತ್ಯಾರು ಹೋಗ್ಬೇಕ್ರಿ ಸರ?’ ಎಂದು ಅರ್ಜಿಯನ್ನು ನಾನೇ ಬರೆದು ಮುಂದಿಟ್ಟು ರುಜು ಹಾಕಿಸಿದೆ. ಮೂರು ತಿಂಗಳಲ್ಲಿ ಅವರನ್ನೇ ಆರಿಸಿದ ಪತ್ರ ಬಂತು. ಆ ದಿನ ನಾನು ಊರಿಗೆಲ್ಲ ಪೇಢೆ ಹಂಚಿದೆ, ಈಗ ಅದನ್ನು ನೆನೆದರೆ ಕೈ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ತಯಾರಿಯ ಆ ದಿನಗಳು! ರಾಯಚೂರಿನಲ್ಲಿ ಉಣ್ಣೆಯ ಕೋಟು ಹೊಲಿಸಿ ತಂದರು. ದೇವದುರ್ಗದ ಬೇಸಿಗೆಯಲ್ಲಿ ಅದನ್ನು ಹಾಕಿಕೊಂಡು, ರೂಢಿಯಾಗಲಿ ಎಂದು ಶಾಲೆಯ ಅಂಗಳದಲ್ಲಿ ಬೂಟು ಕಾಲಲ್ಲಿ ನಾಲ್ಕು ಸುತ್ತು ತಿರುಗುತ್ತಿದ್ದರು, ಬೆವರು ಇಳಿದು ಕೊರಳಪಟ್ಟಿ ನೆನೆಯುತ್ತಿತ್ತು. ಫೋರ್ಕು ಹಿಡಿಯುವುದನ್ನು ಕಲಿಯಲು ಮನೆಯಲ್ಲಿದ್ದದ್ದು ಜೋಳದ ರೊಟ್ಟಿ ಮಾತ್ರ. ಅದನ್ನು ಚುಚ್ಚಿ ಚುಚ್ಚಿ ಚೂರು ಮಾಡಿದ್ದು ನೋಡಿ ಅವರ ಹೆಂಡತಿ, ‘ಅಲ್ಲಿ ಉಪಾಸ ಇದ್ದು ಬರ್ರಿ, ಮರ್ಯಾದಿ ಉಳೀತದ’ ಎಂದರು. ಆದರೆ ಅವರ ಮನಸ್ಸೆಲ್ಲ ಇದ್ದದ್ದು ಒಂದೇ ಪ್ರಶ್ನೆಯಲ್ಲಿ. ಶೇಂಗಾ ಬಿಡಿಸುವ ಕಾಲಕ್ಕೆ ನಮ್ಮ ಅರ್ಧ ಮಕ್ಕಳು ತಾಯಿತಂದೆಯ ಜೊತೆ ಹೊಲಕ್ಕೆ ಹೋಗುತ್ತಿದ್ದವು. ಎರಡು ತಿಂಗಳ ನಂತರ ತಿರುಗಿ ಬಂದಾಗ ಪಾಠ ಮುಂದೆ ಹೋಗಿರುತ್ತಿತ್ತು, ಒಂದೊಂದೇ ಶಾಲೆ ಬಿಡುತ್ತಿದ್ದವು.

‘ಆ ದೇಶದಾಗೂ ನಡುವ ಸಾಲಿ ತಪ್ಪಿಸಿದ ಹುಡುಗ್ರು ಇದ್ದ ಇರ್ತಾವ. ಅವನ್ನ ತಿರುಗಿ ಹ್ಯಾಂಗ ಕೂಡಿಸ್ಕೊಂತಾರ, ಅದೊಂದು ನೋಡಿ ಬರ್ತೀನಿ ತಮ್ಮಾ. ಬಾಕಿ ಅವ್ರ ಕಟ್ಟಡ, ಅವ್ರ ಗಡಿಯಾರ ಕಟ್ಟಿಗೊಂಡು ನನಗೇನಾಗಬೇಕಾಗ್ಯದ?’

ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ದಾಖಲೆ ಬೇಕಾಯಿತು. ಮೊದಲು ಕಲಿತ ಶಾಲೆಯ ರಿಜಿಸ್ಟರಿನಿಂದ ನಕಲು ತನ್ನಿ, ಸಿಗದಿದ್ದರೆ ಸಿಗಲಿಲ್ಲ ಎಂದು ಅಫಿಡವಿಟ್ ಹಾಕಿ ಎಂದರು ರಾಯಚೂರಿನ ಕಚೇರಿಯಲ್ಲಿ. ಅಲ್ಲಿಯ ಗುಮಾಸ್ತರು ಒಳ್ಳೆಯವರು. ‘ನಿಜಾಮರ ಕಾಲದ ಕಾಗದ ಯಾಕ ಕೆದಕ್ತೀರಿ ಸರ? ಅಫಿಡವಿಟ್ ಹಾಕ್ರಿ, ಮುಗದ್‌ಹೋಯ್ತು’ ಎಂದು ಎರಡು ಸಲ ಹೇಳಿದರು.

‘ರಿಜಿಸ್ಟರ್ ಇದ್ದದ್ದು ನನಗ ಗೊತ್ತದ. ಇಲ್ಲಂತ ಆಣಿ ಹ್ಯಾಂಗ ಮಾಡ್ಲಿ?’ ಎಂದು ಇವರು ಎದ್ದುಬಂದರು.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ನಾವಿಬ್ಬರೂ ಮಾನ್ವಿಯ ಬಸ್ಸು ಹತ್ತಿದೆವು. ಮಾನ್ವಿ ಇನ್ನೇನು ಬಂತು ಅನ್ನುವಾಗ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ, ‘ನಮ್ಮ ಕಾಕಾನ ಮಗ ನನಗಿಂತ ಒಂದ್ ವರ್ಷ ಸಣ್ಣಾಂವ. ಮೊನ್ನೆ ರಿಟೈರ್ ಆದ’ ಎಂದರು.

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು: ಸಣ್ಣವನೇ ರಿಟೈರ್ ಆಗಿದ್ದರೆ ಇವರು ಇನ್ನೂ ಸರ್ವಿಸಿನಲ್ಲಿರುವುದು ಹೇಗೆ? ‘ಸರ, ತಿರುಗಿ ಹೋಗಮು ನಡೀರಿ’ ಎಂದೆ.

‘ಆತಂದs ತಪ್ಪು ಬರದಿರಬೇಕು. ನೋಡಮು’ ಎಂದರು. ದನಿಯಲ್ಲಿ ಧೈರ್ಯ ಇರಲಿಲ್ಲ.

ಮಾನ್ವಿಯ ಶಾಲೆಯಲ್ಲಿ ಹಳೆಯ ಅಲಮಾರಿನ ಕೀಲಿ ಸಿಗಲಿಲ್ಲ. ಅಲ್ಲಿಯ ಹೆಡ್‌ಮಾಸ್ತರು, ‘ಒರಲಿ ತಿಂದಿರ್ತದ ಬಿಡ್ರಿ ಸರ. ಸಿಗಲಿಲ್ಲಂತ ಬರ್ಕೊಡ್ತೀನಿ’ ಎಂದು ಆಗಲೇ ಕಾಗದ ತೆಗೆದಿದ್ದರು. ಇವರು ಬೇಡ ಎಂದು ಬೀಗ ಮುರಿಯುವವನನ್ನು ಕರೆಸಿದರು. ಒಳಗೆ ಅರ್ಧ ಅಲಮಾರನ್ನು ಒರಲೆ ತಿಂದು ಮಣ್ಣು ಮಾಡಿತ್ತು. ನಾನು ಒಳಗೊಳಗೇ ದೇವರಿಗೆ ಕೈಮುಗಿದೆ. ಆದರೆ ಇವರ ವರ್ಷದ ರಿಜಿಸ್ಟರು ಮೇಲಿನ ಹಲಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದು ಇಟ್ಟಹಾಗೇ ಇತ್ತು.

ಎಲ್ಲ ಉರ್ದು. ನಮಗೆ ಓದಲು ಬರದು. ಇವರು ಕಲಿತದ್ದೂ ಮರೆತುಹೋಗಿತ್ತು. ಓದಿ ಬರೆದುಕೊಡಲು ಬಂದವರು ಮುನ್ಶಿ ಸಾಹೇಬರು. ನಿವೃತ್ತರಾಗಿ ಬಹಳ ವರ್ಷವಾಗಿದ್ದ ಅವರು ಇವರಿಗೇ ಅಕ್ಷರ ಕಲಿಸಿದವರು. ಬೆರಳಿಟ್ಟು ಹುಡುಕಿ, ತಾರೀಖು ಓದಿ, ಫಸಲಿ ಇಸವಿ ಹೇಳಿದರು. ನಿಜಾಮರ ಕಾಲದಲ್ಲಿ ನಮ್ಮ ಕಡೆ ವರ್ಷ ಬರೆಯುತ್ತಿದ್ದದ್ದು ಫಸಲಿಯಲ್ಲಿ. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇವತ್ತಿನ ಇಸವಿ ಬರುತ್ತದೆ.

‘ಕೂಡಿಸು ತಮ್ಮಾ’ ಎಂದರು. ನಾನು ಗಣಿತದ ಮಾಸ್ತರು. ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದು ಕೂಡಿಸಿದೆ. ಮತ್ತೊಮ್ಮೆ ಕೂಡಿಸಿದೆ. ಸರ್ವಿಸ್ ಪುಸ್ತಕದ ಇಸವಿಗೂ ಇದಕ್ಕೂ ಮೂರು ವರ್ಷ ವ್ಯತ್ಯಾಸ. ಉರ್ದು ದಾಖಲೆಯನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸುವಾಗ ಯಾವನೋ ಗುಮಾಸ್ತ ಐನೂರ ತೊಂಬತ್ತರ ಬದಲು ಐನೂರ ತೊಂಬತ್ತಮೂರು ಕೂಡಿಸಿದ್ದ. ಇವರು ಅದನ್ನು ನಂಬಿಕೊಂಡು ಇಷ್ಟು ವರ್ಷ ದುಡಿದಿದ್ದರು. ಈ ರಿಜಿಸ್ಟರಿನ ಪ್ರಕಾರ ಅವರು ಹೋದ ವರ್ಷವೇ ನಿವೃತ್ತರಾಗಬೇಕಿತ್ತು. ಇಂಗ್ಲೆಂಡು ಹಾಗಿರಲಿ, ಸೋಮವಾರ ಶಾಲೆಯ ಗಂಟೆ ಬಾರಿಸುವ ಹಕ್ಕೂ ಅವರಿಗಿರಲಿಲ್ಲ.

ಮಾನ್ವಿಯ ಹೆಡ್‌ಮಾಸ್ತರು ಎದ್ದುಹೋಗಿ ಬಾಗಿಲು ಮುಂದೆ ಮಾಡಿದರು. ಮುನ್ಶಿ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಬೇಟಾ, ಈ ಊರಾಗ ಇದನ್ನ ಓದಾಂವ ನಾನೊಬ್ಬನs ಉಳದೀನಿ. ನೀ ಹೇಳು, ಏನ್ ಬರೀಲಿ?’

ಇವರು ನೀರು ಕೇಳಿ ಕುಡಿದರು. ‘ಏನದನೋ ಅದನ್ನ ಬರೀರಿ ಉಸ್ತಾದ್’ ಎಂದರು.

ಬರೆಸಿಕೊಂಡು ಹೊರಗೆ ಬಂದೆವು. ‘ಸ್ವಲ್ಪ ಇರು’ ಎಂದು ಇವರು ಎಲ್ಲೋ ಹೋಗಿ ಅರ್ಧ ತಾಸಿಗೆ ಬಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅವರು ಹೋಗಿದ್ದು ಅಂಚೆ ಕಚೇರಿಗೆ. ನನಗೆ ವಯಸ್ಸು ಮೀರಿದೆ, ಪ್ರವಾಸಕ್ಕೆ ಬೇರೆಯವರನ್ನು ಕಳಿಸಿ, ನನ್ನನ್ನು ಕೆಲಸದಿಂದ ಬಿಡಿಸಿ ಎಂದು ಬರೆದು, ಆ ನಕಲನ್ನು ಜೊತೆಗಿಟ್ಟು ರಾಯಚೂರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಬಿಟ್ಟಿದ್ದರು.

ನಾನು ಆ ಕಾಗದ ಅವರ ಜೇಬಿನಲ್ಲೇ ಇದೆ ಎಂದುಕೊಂಡೆ. ಅವರನ್ನು ಹೇಗಾದರೂ ಉಳಿಸಬೇಕು, ಇಂಗ್ಲೆಂಡಿಗೆ ಕಳಿಸಬೇಕು, ಇಷ್ಟೇ ನನ್ನ ತಲೆಯಲ್ಲಿ. ಮರುದಿನ ಭಾನುವಾರ ಒಬ್ಬನೇ ಮಾನ್ವಿಗೆ ಹೋದೆ. ಮುನ್ಶಿ ಸಾಹೇಬರ ಮನೆಯ ಪಡಸಾಲೆಯಲ್ಲಿ ಕೂತು, ಮುಖದ ಒಂದು ಗೆರೆಯೂ ಅಲುಗದಂತೆ ಸುಳ್ಳು ಹೇಳಿದೆ. ‘ಸರ್ ಕಳಿಸ್ಯಾರ್ರಿ. ರಾತ್ರೆಲ್ಲ ವಿಚಾರ ಮಾಡ್ಯಾರ. ಸರ್ವಿಸ್ ಪುಸ್ತಕದಾಗಿನ ಇಸವೀನ ಬರ್ಕೊಡ್ರಿ ಅಂದಾರ.’

ಮುದುಕರು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. ‘ಆತ ಹಂಗಂದ್ನಾ?’

‘ಹೌದ್ರಿ.’

‘ಪಾಪ’ ಎಂದರು. ಬರೆದುಕೊಟ್ಟರು. ದಸ್ತಖತ್ ಹಾಕುವಾಗ ಅವರ ಕಣ್ಣಲ್ಲಿ ನೀರಿತ್ತು.

ಸೋಮವಾರ ರಜೆ ಹಾಕಿ, ಊರಿಗೆ ಹೋಗುತ್ತೇನೆ ಎಂದು ಹೇಳಿ, ರಾಯಚೂರಿನ ಕಚೇರಿಗೆ ಅದನ್ನು ಕೊಟ್ಟು ಬಂದೆ. ಇನ್ನು ಸರ್ ಬೈಯಲಿ, ಹೊಡೆಯಲಿ, ಆದದ್ದು ಆಯಿತು ಎಂದು ಸುಮ್ಮನಾಗುತ್ತಾರೆ ಎಂದು ನನ್ನ ಎಣಿಕೆ. ಬುಧವಾರ ಅವರ ರಿಜಿಸ್ಟರ್ಡ್ ಲಕೋಟೆ ಅದೇ ಮೇಜಿಗೆ ಬಂತು. ಒಂದೇ ಶಾಲೆಯ ಎರಡು ನಕಲು, ಒಂದೇ ಕೈಯ ಬರಹ, ಒಂದು ದಿನದ ಅಂತರ, ಎರಡು ಇಸವಿ.

ಸುದ್ದಿ ತಿಳಿದ ದಿನ ಅವರು ನನ್ನನ್ನು ಖೋಲಿಗೆ ಕರೆದು ಬಾಗಿಲು ಹಾಕಿದರು. ‘ಏನ್ ಮಾಡ್ದಿ ತಮ್ಮಾ?’ ಎಂದರು, ಅಷ್ಟೇ. ನಾನು ಕಾಲು ಹಿಡಿದು ಅತ್ತೆ. ಅವರು ಬಿಡಿಸಿಕೊಳ್ಳಲೂ ಇಲ್ಲ, ಎತ್ತಲೂ ಇಲ್ಲ.

‘ಮತ್ಯಾರ ಮುಂದ ಹೇಳೀದಿ?’

‘ಯಾರ ಮುಂದೂ ಇಲ್ರಿ.’

‘ಹೇಳಬ್ಯಾಡ. ನನಗ ಹ್ಯಾಂಗೂ ನೌಕ್ರಿ ಮುಗದದ. ನಿಂದು ಈಗ ಸುರು. ಮನ್ಯಾಗ ಹೆಂಡ್ತಿ ಬಸರಿ ಇದ್ದಾಳ. ಪ್ರೊಬೇಷನ್ ಮುಗಿಯೂದರಾಗ ಇಂಥಾದು ಹೆಸರಿಗೆ ಹತ್ತಿದ್ರ ಮನಿಗೆ ಕಳಸ್ತಾರ.’

ಆಗ ನನಗೆ ಹೊರೆ ಇಳಿದಂತಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷವೇ ಆಯಿತು.

ಎರಡು ತಿಂಗಳ ನಂತರ ವಿಚಾರಣೆಗೆ ಅಧಿಕಾರಿ ಬಂದರು. ಮುನ್ಶಿ ಸಾಹೇಬರು ತಮಗೆ ತಿಳಿದದ್ದನ್ನೇ ಹೇಳಿದರು: ಆತ ಹೇಳಿ ಕಳಿಸಿದ, ನಾನು ಬರೆದುಕೊಟ್ಟೆ, ಸುದ್ದಿ ತಂದವನು ಈ ಹುಡುಗ ಮಾಸ್ತರ. ಅಧಿಕಾರಿ ಇವರ ಕಡೆ ತಿರುಗಿದರು. ‘ಮೊದಲ ದಿನ ಖರೆ ಬರೆಸಿದಿರಿ. ಮರುದಿನ ಫಾರಿನ್ನಿನ ಆಸೆ ಬಿಡಲಿಲ್ಲ. ಹೀಗೇ ಅಲ್ಲವೇ?’

‘ಹೌದ್ರಿ. ನಾನs ಕಳಿಸಿದ್ದೆ. ಈ ಹುಡುಗಂದು ಏನೂ ತಪ್ಪಿಲ್ಲ.’

ಅಧಿಕಾರಿ ನನ್ನನ್ನು ಕೇಳಿದರು, ‘ಇವರು ಹೇಳಿ ಕಳಿಸಿದ್ದಲ್ಲದೆ ನೀವಾಗಿ ಏನಾದರೂ ಹೇಳಿದಿರಾ?’

‘ಇಲ್ರಿ’ ಎಂದೆ.

ಬರೆದುಕೊಂಡರು, ಓದಿ ಹೇಳಿದರು, ನಾನು ರುಜು ಹಾಕಿದೆ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಅವರನ್ನು ಮನೆಗೆ ಕಳಿಸಿದರು, ಪಿಂಚಣಿ ಎಷ್ಟೋ ವರ್ಷ ತಡೆಹಿಡಿದರು. ಪ್ರವಾಸಕ್ಕೆ ಬೇರೆ ಯಾರೋ ಹೋಗಿ ಬಂದರು. ಮಿಲ್ಲಿನ ಸಾವುಕಾರರು ಬಜಾರಿನಲ್ಲಿ ನಿಂತು, ‘ನಮ್ಮ ಮೊಮ್ಮಗಗ ಎರಡು ವರ್ಷ ಕೊಡಲಿಲ್ಲ, ತಾ ಮೂರು ವರ್ಷ ಕದ್ದಾನ’ ಎಂದು ನಕ್ಕರು. ಹೆಸರು ಬಿದ್ದದ್ದು ಅಲ್ಲಿಂದಲೇ. ಇವರು ಸಂಸಾರ ಕಟ್ಟಿಕೊಂಡು ರಾಯಚೂರಿಗೆ ಹೋದರು. ನನ್ನ ನೌಕರಿ ಖಾಯಂ ಆಯಿತು. ಅವರನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದೆ. ಒಂದು ಸಲ ಮಾತ್ರ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಬಹಳ ಸೊರಗಿದ್ದರು. ‘ಶೇಂಗಾಕ್ಕ ಹೋದ ಹುಡುಗ್ರು ತಿರುಗಿ ಬಂದ್ರೇನು?’ ಎಂದು ಕೇಳಿದರು. ಬೇರೇನೂ ಕೇಳಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಇದೆಲ್ಲ ಆದಾಗ ರಾಯಚೂರಿನಲ್ಲಿ ಟೀಚರ್ ಟ್ರೇನಿಂಗ್ ಮಾಡುತ್ತಿದ್ದಳು, ಈಗ ಅಲ್ಲೇ ಶಾಲೆಯೊಂದರಲ್ಲಿ ಟೀಚರು. ಹೆಂಡತಿ ಮೊದಲೇ ತೀರಿಹೋಗಿದ್ದರಿಂದ ಕೊನೆಗೆ ನೋಡಿಕೊಂಡವಳು ಅವಳೇ. ಸಾವಿನ ಸುದ್ದಿ ನನಗೆ ತಡವಾಗಿ ತಿಳಿಯಿತು. ಐದನೆಯ ದಿನ ಹೋದೆ. ಚಹಾ ಕೊಟ್ಟು ಎದುರಿಗೆ ಕೂತಳು. ಅವಳ ಕಣ್ಣು ಒಣಗಿದ್ದವು.

‘ಕಾಕಾ, ನಾ ಅಳಾಕತ್ತಿಲ್ಲಂತ ಮಂದಿ ಏನೇನೋ ಅನ್ನಾಕತ್ಯಾರ. ನಿಮಗ ಗೊತ್ತದಲ್ಲ. ಒಂದು ಸುಳ್ಳು ಹೇಳಿದ್ರ ಬೆತ್ತ ತಗೋತಿದ್ರು ನಮ್ಮಪ್ಪ. ಟ್ರೇನಿಂಗಿನ್ಯಾಗ ಹುಡುಗೀರು ನನ್ನ ಮುಂದs ನಗತಿದ್ರು. ಆವಾಗಿಂದ ಅಪ್ಪನ ಕೂಡ ನಾ ನೆಟ್ಟಗ ಮಾತಾಡಿಲ್ಲ. ಊಟದ ತಾಟು ಮುಂದ ಇಡ್ತಿದ್ದೆ, ಹೊರಗ ಹೋಗ್ತಿದ್ದೆ. ಒಂದು ಸರ್ತಿ ಕೇಳಿದೆ, ಯಾಕ ಮಾಡಿದ್ರೀ ಅಪ್ಪಾ ಅಂತ. ಆಸಿ ಆಗಿತ್ತವ್ವಾ ಅಂದ್ರು.’

ನನ್ನ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟೆ. ಅವರು ಹೇಳಬೇಡ ಎಂದಿದ್ದರು. ಹೇಳದಿರುವುದು ನನಗೂ ಬಹಳ ಸುಲಭವಾಗಿತ್ತು.

‘ಇಲ್ಲವ್ವಾ. ಆ ಎರಡನೇ ಕಾಗದ ಬರಿಸಿದಾಂವ ನಾನು. ಸರ್‌ಗ ಗೊತ್ತs ಇರಲಿಲ್ಲ’ ಎಂದೆ. ಭಾನುವಾರ ಮಾನ್ವಿಗೆ ಹೋದದ್ದು, ಮುನ್ಶಿ ಸಾಹೇಬರಿಗೆ ಹೇಳಿದ ಸುಳ್ಳು, ಅಧಿಕಾರಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಎದ್ದು ಹೋಗು ಅನ್ನುತ್ತಾಳೆ ಎಂದುಕೊಂಡಿದ್ದೆ. ಅಂದಿದ್ದರೆ ಒಳ್ಳೆಯದಿತ್ತು. ಅವಳು ಒಳಗಿನ ಕೋಣೆಯ ಕಡೆ ತಿರುಗಿದಳು. ಅಲ್ಲಿ ಮಂಚದ ಹಾಸಿಗೆಯನ್ನು ಆಗಲೇ ತೆಗೆದಿದ್ದರು.

‘ಹೋದ ವಾರ ಬಂದು ಹೇಳಿದ್ರ ಆಗ್ತಿದ್ದಿಲ್ಲೇನ್ರಿ ಕಾಕಾ? ಕೈ ಏಳ್ತಿದ್ದಿಲ್ಲ ಅವ್ರಿಗೆ. ಗೊತ್ತಿದ್ರ ನಾ ಹತ್ರ ಕೂತು ಒಂದ್ ತುತ್ತಾದ್ರೂ ಉಣ್ಣಸ್ತಿದ್ದೆ.’